ಲಾಠಿ, ಅಶ್ರುವಾಯು, ಜಲಫಿರಂಗಿ: ‘ಜೀವ ತೆಗೆಯದ’ ಆಯುಧಗಳ ಬಗ್ಗೆ ಗೊತ್ತಿರಬೇಕಾದ್ದು

2008ರ ಜೂನ್ 10. ಬಿತ್ತನೆ ಹೊತ್ತು. ಗೊಬ್ಬರ ಸಿಗದೆ ಕಂಗಾಲಾಗಿದ್ದ ರೈತರು ಹಾವೇರಿಯಲ್ಲಿ ಬೀದಿಗಿಳಿದಿದ್ದರು. ಪರಿಸ್ಥಿತಿ ಕೈಮೀರಿತು, ಗೋಲಿಬಾರ್ ಆಯಿತು, ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಆ ದಿನ ಬಂದಾಗಲೆಲ್ಲ ಜಿಲ್ಲೆಯ ರೈತ ಸಂಘಟನೆಗಳು ಅವರನ್ನು ನೆನೆಯುತ್ತವೆ.

2024ರ ಮಾರ್ಚ್ 11. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ದರ ಕುಸಿದಿದ್ದಕ್ಕೆ ಸಿಟ್ಟಿಗೆದ್ದ ಮಂದಿ ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ಅಷ್ಟು ದೊಡ್ಡ ಗುಂಪಿನ ಮುಂದೆ ಅಲ್ಲಿದ್ದ ಪೊಲೀಸರ ಸಂಖ್ಯೆ ಏನೇನೂ ಸಾಲದಾಗಿತ್ತು.

ಇಂಥ ಪ್ರತಿ ಘಟನೆ ಆದಮೇಲೂ ಒಂದೇ ಪ್ರಶ್ನೆ ಏಳುತ್ತೆ. ಗುಂಡು ಹಾರಿಸದೇ ಗುಂಪು ಚದುರಿಸೋಕೆ ಪೊಲೀಸರ ಹತ್ತಿರ ಏನಿದೆ? ಅದನ್ನ ಹೇಗೆ ಬಳಸಬೇಕು? ಬಳಸಿದಾಗ ಪೆಟ್ಟು ತಿಂದವನು ಎಲ್ಲಿಗೆ ಹೋಗಬೇಕು? ಪ್ರತಿಭಟನೆಗೆ ಹೋಗುವವರು, ಸಂತೆಗೆ ಹೋಗಿ ನಡುವೆ ಸಿಕ್ಕಿಬೀಳುವವರು, ಬಂದೋಬಸ್ತ್‌ಗೆ ನಿಲ್ಲುವ ಪೊಲೀಸರ ಮನೆಯವರು, ಎಲ್ಲರಿಗೂ ಗೊತ್ತಿರಬೇಕಾದ ವಿಷಯ ಇದು.

ಹೆಸರಲ್ಲೇ ಇರುವ ಗೊಂದಲ

ಲಾಠಿ, ಅಶ್ರುವಾಯು, ಪೆಪ್ಪರ್ ಸ್ಪ್ರೇ, ಜಲಫಿರಂಗಿ, ರಬ್ಬರ್ ಗುಂಡು, ಟೇಸರ್ ಇವನ್ನೆಲ್ಲ ಸೇರಿಸಿ ‘ಮಾರಕವಲ್ಲದ ಆಯುಧಗಳು’ ಅಂತ ಕರೆಯೋದು ರೂಢಿ. ಆದರೆ ಜಗತ್ತಿನ ಬಹುತೇಕ ತಜ್ಞರು ಈ ಹೆಸರನ್ನ ಕೈಬಿಟ್ಟಿದ್ದಾರೆ. ಈಗ ಬಳಸುವ ಮಾತು ‘ಕಡಿಮೆ ಮಾರಕ ಆಯುಧಗಳು’. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಹೆಸರಿದೆ.

ಕಾರಣ ಸರಳ. ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ಸುರಕ್ಷಿತವಲ್ಲ. ಮೊಣಕಾಲಿನ ಕೆಳಗೆ ಬಿದ್ದ ಲಾಠಿ ಏಟು ಬಾಸುಂಡೆ ಎಬ್ಬಿಸಿ ಹೋಗುತ್ತೆ, ತಲೆಗೆ ಬಿದ್ದರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಬಯಲಲ್ಲಿ ಹಾಕಿದ ಅಶ್ರುವಾಯು ಅರ್ಧ ಗಂಟೆಯಲ್ಲಿ ಇಳಿಯುತ್ತೆ, ಬಾಗಿಲು ಮುಚ್ಚಿದ ಜಾಗದಲ್ಲಿ ಅದೇ ಶೆಲ್ ನೂರಾರು ಜನರ ಪ್ರಾಣ ತೆಗೆದ ಉದಾಹರಣೆ ಇದೆ. ಎಷ್ಟು ದೂರದಿಂದ, ದೇಹದ ಯಾವ ಭಾಗಕ್ಕೆ, ಎಂಥ ಜಾಗದಲ್ಲಿ, ಓಡಿಹೋಗೋಕೆ ದಾರಿ ಇತ್ತೋ ಇಲ್ಲವೋ ಅನ್ನೋದರ ಮೇಲೆ ಎಲ್ಲವೂ ನಿಂತಿದೆ.

ಆದೇಶ ಕೊಡೋದು ಯಾರು?

ಶಾಂತವಾಗಿ, ಆಯುಧ ಇಲ್ಲದೆ ಸಭೆ ಸೇರೋದು ಸಂವಿಧಾನದ 19(1)(ಬಿ) ವಿಧಿ ಕೊಟ್ಟಿರುವ ಹಕ್ಕು. ಸಾರ್ವಜನಿಕ ಸುವ್ಯವಸ್ಥೆಯ ಕಾರಣಕ್ಕೆ ಸರ್ಕಾರ ಇದರ ಮೇಲೆ ಸಮಂಜಸ ನಿರ್ಬಂಧ ಹಾಕಬಹುದು.

ಗುಂಪು ಚದುರಿಸುವ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಸೆಕ್ಷನ್‌ನಲ್ಲಿದೆ. 2024ರ ಜುಲೈ 1ಕ್ಕೆ ಮೊದಲು ಇದೇ ವಿಷಯ ಸಿಆರ್‌ಪಿಸಿ 129ನೇ ಸೆಕ್ಷನ್ ಆಗಿತ್ತು. ಅದರ ಪ್ರಕಾರ ‘ಚದುರಿ’ ಅಂತ ಆದೇಶ ಕೊಡಬಹುದಾದವರು ಮೂವರು:

- ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್. ನಮ್ಮ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ತಹಶೀಲ್ದಾರ್.
- ಠಾಣೆಯ ಉಸ್ತುವಾರಿ ಅಧಿಕಾರಿ.
- ಅವರು ಇಲ್ಲದಿದ್ದಾಗ, ಪಿಎಸ್‌ಐ ದರ್ಜೆಗಿಂತ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿ.

ಅಂದರೆ ಸ್ಥಳದಲ್ಲಿರುವ ಪೇದೆ ತನ್ನಷ್ಟಕ್ಕೆ ತಾನೇ ‘ಹೊಡೀರಿ’ ಅನ್ನೋ ಹಾಗಿಲ್ಲ. ಗುಂಪು ಕಾನೂನುಬಾಹಿರ ಆಗಿರಬೇಕು, ಇಲ್ಲವೇ ಐದು ಅಥವಾ ಹೆಚ್ಚು ಜನ ಸೇರಿ ಶಾಂತಿಭಂಗ ಮಾಡುವ ಸಂಭವ ಇರಬೇಕು. ಮೊದಲು ಚದುರಲು ಆದೇಶ. ಚದುರದಿದ್ದರೆ, ಅಥವಾ ಚದುರುವುದಿಲ್ಲ ಅನ್ನೋದು ನಡವಳಿಕೆಯಿಂದಲೇ ಗೊತ್ತಾದರೆ, ಆಗ ಬಲಪ್ರಯೋಗ. ಇದರ ನಂತರದ 149ನೇ ಸೆಕ್ಷನ್ ಸೇನೆಯನ್ನು ಕರೆಸುವುದಕ್ಕೆ ಸಂಬಂಧಿಸಿದ್ದು.

163ನೇ ಸೆಕ್ಷನ್ ಅಂತ ಈಗ ಕೇಳಿಬರುವುದು ಹಳೆಯ 144, ಅಂದರೆ ನಿಷೇಧಾಜ್ಞೆ. ನಿಷೇಧಾಜ್ಞೆ ಇದ್ದ ಮಾತ್ರಕ್ಕೆ ಕಂಡಕಂಡವರಿಗೆ ಲಾಠಿ ಬೀಸಬಹುದು ಅಂತ ಅರ್ಥವಲ್ಲ. ಎಷ್ಟು ಅಗತ್ಯವೋ ಅಷ್ಟೇ ಬಲ ಅನ್ನುವ ನಿಯಮ ಆಗಲೂ ಇರುತ್ತೆ. ಅಹಿಂಸಾತ್ಮಕ ದಾರಿಗಳನ್ನ ಮೊದಲು ಪ್ರಯತ್ನಿಸಬೇಕು, ಬಲ ಬಳಸಿದರೆ ಪರಿಸ್ಥಿತಿಗೆ ತಕ್ಕಷ್ಟಿರಬೇಕು, ಗಾಯಗೊಂಡವರಿಗೆ ಬೇಗ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು ಅಂತ ವಿಶ್ವಸಂಸ್ಥೆಯ 1990ರ ಮೂಲ ತತ್ವಗಳು ಹೇಳುತ್ತವೆ.

ಲಾಠಿ: ಎಲ್ಲಕ್ಕಿಂತ ಹೆಚ್ಚು ಬಳಕೆ, ಎಲ್ಲಕ್ಕಿಂತ ಕಡಿಮೆ ಚರ್ಚೆ

ಬಿದಿರು ಅಥವಾ ಬೆತ್ತದ ಲಾಠಿ ಬ್ರಿಟಿಷರ ಕಾಲದಿಂದಲೂ ಇದೆ. ಈಗ ಅನೇಕ ಕಡೆ ಫೈಬರ್, ಪಾಲಿಕಾರ್ಬೊನೇಟ್ ಲಾಠಿಗಳು ಬಂದಿವೆ. ಜೊತೆಗೆ ಶೀಲ್ಡ್, ಹೆಲ್ಮೆಟ್, ಮೊಣಕಾಲು-ಎದೆ ಕವಚ. ದೊಡ್ಡ ಬಂದೋಬಸ್ತ್ ಇದ್ದಾಗ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಮತ್ತು ಕೆಎಸ್‌ಆರ್‌ಪಿ ತುಕಡಿಗಳನ್ನ ಕರೆಸುತ್ತಾರೆ.

ಸುದ್ದಿಯಲ್ಲಿ ‘ಲಘು ಲಾಠಿ ಪ್ರಹಾರ’ ಅಂತ ಓದಿ ಓದಿ ಎಲ್ಲರಿಗೂ ರೂಢಿಯಾಗಿದೆ. ಕಾನೂನಿನಲ್ಲಿ ಮಾತ್ರ ಲಘು, ಭಾರಿ ಅನ್ನುವ ವಿಂಗಡಣೆಯೇ ಇಲ್ಲ. ಕೇಳಬೇಕಾದ ಪ್ರಶ್ನೆ, ಏಟು ಎಲ್ಲಿಗೆ ಬಿತ್ತು ಮತ್ತು ಯಾವಾಗ ನಿಂತಿತು ಅನ್ನೋದು. ಕೈ ಅಥವಾ ಕಾಲಿಗೆ ಮಾತ್ರ ಹೊಡೆಯಬೇಕು. ತಲೆ, ಕುತ್ತಿಗೆ, ಬೆನ್ನುಮೂಳೆ, ಮೂತ್ರಪಿಂಡ, ಹೊಟ್ಟೆಯ ಭಾಗ ತಪ್ಪಿಸಬೇಕು ಅನ್ನುತ್ತೆ ವಿಶ್ವಸಂಸ್ಥೆ ಮಾರ್ಗಸೂಚಿ. ಓಡುತ್ತಿರುವವನ, ಬಿದ್ದವನ ಮೇಲೆ ಹೊಡೆಯೋದು ಚದುರಿಸುವ ಕ್ರಮ ಅಲ್ಲ, ಶಿಕ್ಷೆ. ಶಿಕ್ಷೆ ಕೊಡುವ ಅಧಿಕಾರ ಇರೋದು ಕೋರ್ಟಿಗೆ ಮಾತ್ರ.

ಲಾಠಿಯಿಂದ ಜೀವ ಹೋಗಲ್ಲ ಅನ್ನುವವರು ಲಾಲಾ ಲಜಪತ್ ರಾಯ್ ಅವರನ್ನ ನೆನೆಯಬೇಕು. 1928ರ ಅಕ್ಟೋಬರ್ 30ರಂದು ಲಾಹೋರ್‌ನಲ್ಲಿ ಸೈಮನ್ ಆಯೋಗದ ವಿರುದ್ಧದ ಮೆರವಣಿಗೆಯಲ್ಲಿ ಅವರ ಮೇಲೆ ಲಾಠಿ ಬಿತ್ತು. ನವೆಂಬರ್ 17ಕ್ಕೆ ತೀರಿಕೊಂಡರು.

ಹತ್ತಿರದ ಉದಾಹರಣೆ ಪಕ್ಕದ ಧಾರವಾಡ ಜಿಲ್ಲೆಯದ್ದು. 2016ರ ಜುಲೈ ಕೊನೆಯಲ್ಲಿ ಮಹದಾಯಿ ಹೋರಾಟ ಕಾವೇರಿದಾಗ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು, ವಯಸ್ಸಾದವರು ಅಂತ ನೋಡದೆ ಹೊಡೆದರು ಅನ್ನುವ ಆರೋಪ ಬಂತು. ದೃಶ್ಯಗಳು ಟಿವಿಯಲ್ಲಿ ಬಂದವು, ಕೆಲವು ಪೊಲೀಸರು ಅಮಾನತಾದರು. 2024ರ ಡಿಸೆಂಬರ್ 10ರಂದು ಬೆಳಗಾವಿಯಲ್ಲಿ ಪಂಚಮಸಾಲಿ ಮೀಸಲಾತಿ ಹೋರಾಟಗಾರರ ಮೇಲೆ ಲಾಠಿ ಬಿದ್ದಾಗಲೂ ಇದೇ ಚರ್ಚೆ ಮತ್ತೆ ಎದ್ದಿತು: ಅಷ್ಟು ಬಲ ಬೇಕಿತ್ತೇ?

ಅಶ್ರುವಾಯು: ಅದು ವಾಯುವೇ ಅಲ್ಲ

ಹೆಸರು ಅಶ್ರುವಾಯು. ಆದರೆ ಅದು ಅನಿಲ ಅಲ್ಲ, ತೀರಾ ಸಣ್ಣ ಪುಡಿ. ಶೆಲ್ ಒಳಗಿನ ಬಿಸಿಗೆ ಹೊಗೆಯ ರೂಪದಲ್ಲಿ ಹರಡುತ್ತೆ. ಹೆಚ್ಚು ಬಳಕೆಯಲ್ಲಿರುವ ರಾಸಾಯನಿಕದ ಹೆಸರು ಸಿಎಸ್. 1928ರಲ್ಲಿ ಅಮೆರಿಕದ ಕಾರ್ಸನ್ ಮತ್ತು ಸ್ಟೌಟನ್ ಅನ್ನುವ ಇಬ್ಬರು ಇದನ್ನ ತಯಾರಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳೇ ಸಿ ಮತ್ತು ಎಸ್.

ಈ ಪುಡಿ ಕಣ್ಣು, ಮೂಗು, ಗಂಟಲು, ಬೆವರಿದ ಚರ್ಮಕ್ಕೆ ಅಂಟಿ ನೋವಿನ ನರಗಳನ್ನ ಕೆರಳಿಸುತ್ತೆ. ಕೆಲವೇ ಸೆಕೆಂಡಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತೆ, ನೀರು ಸುರಿಯುತ್ತೆ, ಕೆಮ್ಮು ಬರುತ್ತೆ, ಎದೆ ಬಿಗಿದಂತಾಗುತ್ತೆ. ಒಳ್ಳೆ ಗಾಳಿಗೆ ಬಂದರೆ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಇಳಿಯುತ್ತೆ. ಆಸ್ತಮಾ ಇರುವವರು, ಮಕ್ಕಳು, ವಯಸ್ಸಾದವರಿಗೆ ಅಪಾಯ ಹೆಚ್ಚು.

ವಿಚಿತ್ರ ಅಂದರೆ, ಇದನ್ನ ಯುದ್ಧದಲ್ಲಿ ಬಳಸುವಂತಿಲ್ಲ. 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ಒಪ್ಪಂದ ಗಲಭೆ ನಿಯಂತ್ರಣದ ರಾಸಾಯನಿಕಗಳನ್ನ ಯುದ್ಧ ವಿಧಾನವಾಗಿ ಬಳಸೋದನ್ನ ನಿಷೇಧಿಸಿದೆ. ದೇಶದೊಳಗಿನ ಕಾನೂನು ಪಾಲನೆಗೆ ಮಾತ್ರ ಅವಕಾಶ ಉಳಿಸಿದೆ. ಭಾರತವೂ ಈ ಒಪ್ಪಂದದಲ್ಲಿದೆ.

ನಮ್ಮ ದೇಶದ ಪೊಲೀಸರಿಗೆ ಅಶ್ರುವಾಯು ಶೆಲ್ ಮುಖ್ಯವಾಗಿ ಬರೋದು ಮಧ್ಯಪ್ರದೇಶದ ಗ್ವಾಲಿಯರ್ ಹತ್ತಿರದ ಟೇಕನ್‌ಪುರದಿಂದ. ಗಡಿ ಭದ್ರತಾ ಪಡೆಯ ಅಶ್ರುವಾಯು ಘಟಕ 1976ರಿಂದ ಅಲ್ಲಿದೆ. ಕೈಯಿಂದ ಎಸೆಯುವ ಗ್ರೆನೇಡ್, ಗ್ಯಾಸ್ ಗನ್‌ನಿಂದ ಹಾರಿಸುವ ಶೆಲ್, ವಾಹನದ ಮೇಲಿನ ಹಲವು ನಳಿಕೆಗಳಿಂದ ಒಟ್ಟಿಗೆ ಹಾರಿಸುವ ವ್ಯವಸ್ಥೆ, ಹೀಗೆ ಬಗೆಬಗೆ ಇವೆ. 2024ರ ಫೆಬ್ರವರಿಯಲ್ಲಿ ಪಂಜಾಬ್-ಹರಿಯಾಣ ನಡುವಿನ ಶಂಭು ಗಡಿಯಲ್ಲಿ ರೈತರ ಮೇಲೆ ಡ್ರೋನ್‌ನಿಂದ ಶೆಲ್ ಬೀಳಿಸಿದರು. ರೈತರು ಒದ್ದೆ ಗೋಣಿಚೀಲ ಮುಚ್ಚಿ ಶೆಲ್ ಆರಿಸಿದರು, ಡ್ರೋನ್‌ಗೆ ಸಿಕ್ಕಿಸೋಕೆ ಗಾಳಿಪಟ ಹಾರಿಸಿದರು.

ಅಶ್ರುವಾಯುವಿನಿಂದ ಜೀವ ಹೋಗುವ ದಾರಿ ಮುಖ್ಯವಾಗಿ ಎರಡು.

ಒಂದು, ಶೆಲ್ ನೇರವಾಗಿ ಬಡಿಯೋದು. ಶೆಲ್ ಹಾರಿಸಬೇಕಿರೋದು ಮೇಲ್ಮುಖವಾಗಿ, ಕಮಾನಿನಂತೆ ಹೋಗಿ ನೆಲಕ್ಕೆ ಬೀಳುವ ಹಾಗೆ. ಬಂದೂಕಿನಂತೆ ಎದೆಮಟ್ಟಕ್ಕೆ ಗುರಿ ಇಟ್ಟು ಹಾರಿಸಿದರೆ ಅದೂ ಗುಂಡೇ. 2019ರ ಅಕ್ಟೋಬರ್‌ನಲ್ಲಿ ಇರಾಕ್‌ನ ಬಾಗ್ದಾದ್‌ನಲ್ಲಿ ಭಾರಿ ತೂಕದ ಶೆಲ್‌ಗಳು ಪ್ರತಿಭಟನಕಾರರ ತಲೆಬುರುಡೆಯನ್ನೇ ತೂರಿ ಸಾವಿಗೆ ಕಾರಣವಾಗಿದ್ದನ್ನ ಆಮ್ನೆಸ್ಟಿ ದಾಖಲಿಸಿದೆ.

ಎರಡು, ಹೊರಹೋಗಲು ದಾರಿ ಇಲ್ಲದ ಜಾಗ. 1964ರ ಮೇ 24ರಂದು ಪೆರು ದೇಶದ ಲಿಮಾ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯದ ಗಲಾಟೆಗೆ ಪೊಲೀಸರು ಅಶ್ರುವಾಯು ಹಾಕಿದರು. ಜನ ಬಾಗಿಲ ಕಡೆ ಓಡಿದರು. ಬಾಗಿಲು ಮುಚ್ಚಿದ್ದವು. 300ಕ್ಕೂ ಹೆಚ್ಚು ಜನ ಸತ್ತರು. 58 ವರ್ಷದ ನಂತರ, 2022ರ ಅಕ್ಟೋಬರ್ 1ರಂದು, ಇಂಡೊನೇಷ್ಯಾದ ಮಲಾಂಗ್‌ನ ಕಂಜುರುಹಾನ್ ಕ್ರೀಡಾಂಗಣದಲ್ಲಿ ಅದೇ ತಪ್ಪು ಮರುಕಳಿಸಿ 135 ಜನ ಪ್ರಾಣ ಬಿಟ್ಟರು. ಕ್ರೀಡಾಂಗಣದೊಳಗೆ ಗುಂಪು ನಿಯಂತ್ರಣದ ಅನಿಲ ತರಬಾರದು ಅನ್ನುವ ಫಿಫಾ ನಿಯಮ ಆಗಲೇ ಇತ್ತು. ಎರಡೂ ಕಡೆ ಹೆಚ್ಚಿನವರು ಸತ್ತದ್ದು ನೂಕುನುಗ್ಗಲಿಗೆ ಸಿಕ್ಕಿ, ಉಸಿರು ಕಟ್ಟಿ.

ನಮ್ಮ ಊರುಗಳಿಗೆ ಇದರ ಪಾಠ ಏನು? ಸಂತೆಪೇಟೆ, ಬಸ್ ನಿಲ್ದಾಣ, ಎಪಿಎಂಸಿ ಪ್ರಾಂಗಣ, ಜಾತ್ರೆ ಬೀದಿ ಇವೆಲ್ಲ ಇಕ್ಕಟ್ಟಿನ ಜಾಗಗಳು. ಇಲ್ಲಿ ಗುಂಪು ಚದುರಿಸುವ ಮೊದಲು ಅದು ಯಾವ ದಾರಿಯಲ್ಲಿ ಹೊರಹೋಗುತ್ತೆ ಅನ್ನೋದನ್ನ ನೋಡಬೇಕು.

ಹೊಗೆ ತಗುಲಿದರೆ ಏನು ಮಾಡಬೇಕು?

- ಗಾಳಿ ಬರುತ್ತಿರುವ ದಿಕ್ಕಿಗೆ, ಎತ್ತರದ ಬಯಲು ಜಾಗಕ್ಕೆ ಹೋಗಿ. ಈ ಹೊಗೆ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತೆ.
- ಓಡಬೇಡಿ, ಬೇಗ ಬೇಗ ನಡೆಯಿರಿ. ಮಕ್ಕಳನ್ನ ಎತ್ತಿಕೊಳ್ಳಿ.
- ಕಣ್ಣು ಉಜ್ಜಬೇಡಿ. ಉಜ್ಜಿದಷ್ಟೂ ಪುಡಿ ಒಳಗೆ ಹೋಗುತ್ತೆ.
- ಸ್ವಚ್ಛ ತಣ್ಣೀರಿನಿಂದ 10-15 ನಿಮಿಷ ಕಣ್ಣು ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ತೆಗೆಯಿರಿ.
- ಬಟ್ಟೆ ಬದಲಿಸಿ, ಬೇರೆ ಚೀಲದಲ್ಲಿ ಕಟ್ಟಿಡಿ. ಸೋಪು ಹಚ್ಚಿ ಮೈ ತೊಳೆಯಿರಿ. ತಲೆ ಮುಂದಕ್ಕೆ ಬಗ್ಗಿಸಿ ಕೂದಲು ತೊಳೆದರೆ ನೀರು ಕಣ್ಣಿಗೆ ಇಳಿಯಲ್ಲ.
- ಬಿದ್ದ ಶೆಲ್ ಮುಟ್ಟಬೇಡಿ. ಕೈ ಸುಡುವಷ್ಟು ಬಿಸಿ ಇರುತ್ತೆ.
- ಟೂತ್‌ಪೇಸ್ಟ್, ನಿಂಬೆರಸ ಹಚ್ಚಬೇಡಿ. ಹಾಲು ನೀರಿಗಿಂತ ಮೇಲು ಅನ್ನೋದಕ್ಕೂ ಆಧಾರ ಇಲ್ಲ.
- ಉಸಿರಾಟದ ತೊಂದರೆ, ಎದೆನೋವು, ಕಣ್ಣಿನ ಮಂಜು ಅರ್ಧ ಗಂಟೆಯಾದರೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಆಸ್ತಮಾ ಇರುವವರು ಇನ್ಹೇಲರ್ ಬಳಸಿ, ಕಾಯಬೇಡಿ.

ಮೆಣಸಿನಕಾಯಿ ಆಯುಧವಾದಾಗ

ಪೆಪ್ಪರ್ ಸ್ಪ್ರೇ ಅಂದರೆ ಕರಿಮೆಣಸು ಅಂದುಕೊಳ್ಳುವವರಿದ್ದಾರೆ. ಅದರಲ್ಲಿ ಇರೋದು ಒಣಮೆಣಸಿನಕಾಯಿಯಿಂದ ತೆಗೆದ ಓಲಿಯೊರೆಸಿನ್. ಉರಿ ಕೊಡುವ ಅಂಶ ಕ್ಯಾಪ್ಸೈಸಿನ್.

ಓಲಿಯೊರೆಸಿನ್ ಅನ್ನುವ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಇಷ್ಟು ಬೇಡಿಕೆ ಬಂದಿರೋದೇ ಅದರಿಂದ. ಆದರೆ ಭೌಗೋಳಿಕ ಸೂಚಿಕೆ ಪಡೆದಿರುವ ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಸಾರ ಹೋಗೋದು ಆಹಾರ ಮತ್ತು ಸೌಂದರ್ಯವರ್ಧಕಗಳ ಬಣ್ಣಕ್ಕೆ. ಆಯುಧಕ್ಕೆ ಬೇಕಾದ್ದು ಇದಕ್ಕೆ ತದ್ವಿರುದ್ಧ. ಅಸ್ಸಾಂನ ತೇಜ್‌ಪುರದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಮೆಣಸಿನಕಾಯಿ ಗ್ರೆನೇಡ್ ಮಾಡಲು ಆರಿಸಿಕೊಂಡದ್ದು ಈಶಾನ್ಯದ ಭೂತ್ ಜೊಲೋಕಿಯಾ ತಳಿಯನ್ನ. ಅದರ ಖಾರ ಸ್ಕೋವಿಲ್ ಅಳತೆಯಲ್ಲಿ 10 ಲಕ್ಷ ದಾಟುತ್ತೆ.

ಇದೇ ಜಾತಿಯ ಇನ್ನೊಂದು ಪಾವಾ ಶೆಲ್. ಮೆಣಸಿನಕಾಯಿಯಲ್ಲಿ ಸಹಜವಾಗಿ ಇರುವ ಒಂದು ಅಂಶವನ್ನ ಆಧರಿಸಿ ಲಖನೌನ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆ ಇದನ್ನ ಸಿದ್ಧಪಡಿಸಿತು. ಕಾಶ್ಮೀರದಲ್ಲಿ ಪೆಲೆಟ್ ಗನ್‌ಗೆ ಬದಲಿ ಅಂತ 2016ರಲ್ಲಿ ಕೇಂದ್ರ ಗೃಹ ಸಚಿವಾಲಯ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಪೆಪ್ಪರ್ ಸ್ಪ್ರೇಯನ್ನ ಸಾಮಾನ್ಯ ಜನರೂ ಆತ್ಮರಕ್ಷಣೆಗೆ ಕೊಳ್ಳಬಹುದು. ಆದರೆ ಕಂಡಲ್ಲಿ ಬಳಸುವ ಹಾಗಿಲ್ಲ. ಜಾಗದ ಜಗಳವೊಂದರಲ್ಲಿ ಎದುರಿನವರ ಮೇಲೆ ಸ್ಪ್ರೇ ಮಾಡಿದ್ದಕ್ಕೆ ದಾಖಲಾದ ಕೇಸ್ ರದ್ದು ಮಾಡಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಪ್ಪಲಿಲ್ಲ. ಪೆಪ್ಪರ್ ಸ್ಪ್ರೇ ಅಪಾಯಕಾರಿ ಆಯುಧ ಅಂತಲೂ ಹೇಳಿತು. ಕೈಚೀಲದಲ್ಲಿ ಇಟ್ಟುಕೊಳ್ಳುವ ಹೆಣ್ಣುಮಕ್ಕಳು ಹೆದರಬೇಕಿಲ್ಲ. ನಿಜವಾದ ಅಪಾಯ ಎದುರಾದಾಗ ರಕ್ಷಿಸಿಕೊಳ್ಳುವ ಹಕ್ಕು ಕಾನೂನಿನಲ್ಲಿ ಇದ್ದೇ ಇದೆ.

ಜಲಫಿರಂಗಿ: ಬರೀ ನೀರು ತಾನೇ?

ಪೊಲೀಸ್ ಭಾಷೆಯಲ್ಲಿ ನೀರು ಚಿಮ್ಮಿಸುವ ವಾಹನ ‘ವರುಣ’, ಅಶ್ರುವಾಯು ಹಾರಿಸುವ ವಾಹನ ‘ವಜ್ರ’. ನೀರಿನಿಂದ ಗುಂಪನ್ನ ಹಿಂದೆ ಸರಿಸೋದು ಮೇಲ್ನೋಟಕ್ಕೆ ಎಲ್ಲಕ್ಕಿಂತ ಸೌಮ್ಯ. ಆದರೆ ಹತ್ತಿರದಿಂದ ಮುಖಕ್ಕೆ ಬಡಿದ ನೀರಿನ ರಭಸ ಕಣ್ಣನ್ನೇ ಕಿತ್ತುಕೊಳ್ಳಬಹುದು. 2010ರ ಸೆಪ್ಟೆಂಬರ್ 30ರಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ರೈಲು ನಿಲ್ದಾಣ ಯೋಜನೆ ವಿರೋಧಿಸಿ ನಿಂತಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ಹೀಗೆ ಬಹುತೇಕ ಕುರುಡರಾದರು. ಆ ಪೊಲೀಸ್ ಕಾರ್ಯಾಚರಣೆ ಕಾನೂನುಬಾಹಿರ ಅಂತ 2015ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. ಎತ್ತರದ ಮೇಲೆ ನಿಂತವರು, ವಯಸ್ಸಾದವರು, ಚಳಿಗಾಲದ ರಾತ್ರಿ, ಕರೆಂಟ್ ಕಂಬದ ಹತ್ತಿರ, ಇಂಥ ಕಡೆ ಅಪಾಯ ಇನ್ನೂ ಜಾಸ್ತಿ.

ರಬ್ಬರ್ ಗುಂಡು, ಪೆಲೆಟ್: ಹೆಚ್ಚು ಕಣ್ಣು ಹೋಗಿರೋದು ಇಲ್ಲೇ

ರಬ್ಬರ್ ಗುಂಡನ್ನ 1970ರಲ್ಲಿ ಬ್ರಿಟಿಷರು ಉತ್ತರ ಐರ್ಲೆಂಡ್‌ನಲ್ಲಿ ಬಳಕೆಗೆ ತಂದರು. ನಂತರ ಪ್ಲಾಸ್ಟಿಕ್ ಗುಂಡು ಬಂತು. ಎರಡೂ ಸೇರಿ ಅಲ್ಲಿ 17 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು.

ಈ ಬಗೆಯ ಗುಂಡುಗಳ ಬಗ್ಗೆ ಹಲವು ದೇಶಗಳ ವೈದ್ಯಕೀಯ ವರದಿಗಳನ್ನ ಒಟ್ಟುಗೂಡಿಸಿದ ಅಧ್ಯಯನವೊಂದು 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬಂತು. ಗಾಯಗೊಂಡ 1,984 ಜನರ ಪೈಕಿ 53 ಮಂದಿ ಸತ್ತಿದ್ದರು, 300 ಮಂದಿಗೆ ಶಾಶ್ವತ ಅಂಗವೈಕಲ್ಯ ಆಗಿತ್ತು. ಸಾವುಗಳಲ್ಲಿ ಸುಮಾರು ಅರ್ಧದಷ್ಟು, ಅಂಗವೈಕಲ್ಯಗಳಲ್ಲಿ ಶೇ 80ಕ್ಕೂ ಹೆಚ್ಚು, ತಲೆ ಮತ್ತು ಕುತ್ತಿಗೆಗೆ ಬಿದ್ದ ಪೆಟ್ಟಿನಿಂದ ಆದವು.

ಪೆಲೆಟ್ ಗನ್ ಇದಕ್ಕಿಂತ ಭಿನ್ನ. ಒಂದೇ ತೋಟಾದಲ್ಲಿ ನೂರಾರು ಸಣ್ಣ ಲೋಹದ ಗುಂಡುಗಳು. ಹಾರಿದ ಮೇಲೆ ಅಗಲಕ್ಕೆ ಹರಡುತ್ತವೆ, ಯಾರಿಗೆ ತಾಗುತ್ತೆ ಅಂತ ಹಾರಿಸಿದವನಿಗೂ ಹೇಳೋಕಾಗಲ್ಲ. ಕಾಶ್ಮೀರದಲ್ಲಿ 2010ರಿಂದ ಬಳಕೆಯಲ್ಲಿದೆ. 2016ರ ಜುಲೈ-ಆಗಸ್ಟ್‌ನ 32 ದಿನಗಳಲ್ಲಿ ಸುಮಾರು 13 ಲಕ್ಷ ಪೆಲೆಟ್ ಹಾರಿಸಿದ್ದಾಗಿ ಸಿಆರ್‌ಪಿಎಫ್ ಜಮ್ಮು-ಕಾಶ್ಮೀರ ಹೈಕೋರ್ಟ್‌ಗೆ ತಿಳಿಸಿತ್ತು. ಬೀದಿಯಲ್ಲಿದ್ದವರು ಮಾತ್ರವಲ್ಲ, ಕಿಟಕಿ ಹತ್ತಿರ ನಿಂತಿದ್ದವರೂ ದೃಷ್ಟಿ ಕಳೆದುಕೊಂಡರು. ಲೋಹದ ಪೆಲೆಟ್‌ಗಳನ್ನ ಯಾವತ್ತೂ ಬಳಸಬಾರದು ಅನ್ನೋದು ವಿಶ್ವಸಂಸ್ಥೆ ಮಾರ್ಗಸೂಚಿಯ ನಿಲುವು.

ಸದ್ದು ಮತ್ತು ಕರೆಂಟ್

ಕಣ್ಣು ಕೋರೈಸುವ ಬೆಳಕು, ಕಿವಿಗಡಚಿಕ್ಕುವ ಸದ್ದಿನ ಸ್ಟನ್ ಗ್ರೆನೇಡ್ ಮೂಲತಃ ಒತ್ತೆಯಾಳುಗಳನ್ನ ಬಿಡಿಸುವ ಕಮಾಂಡೊಗಳಿಗಾಗಿ ಬಂದದ್ದು. ಎಲ್‌ಆರ್‌ಎಡಿ ಅನ್ನೋದು ದೂರಕ್ಕೆ ಸದ್ದು ತಲುಪಿಸುವ ಯಂತ್ರ. ಎಚ್ಚರಿಕೆ ಹೇಳೋಕೆ ಒಳ್ಳೆಯದು, ಆದರೆ ಸದ್ದು ಏರಿಸಿದರೆ ಕಿವಿಗೆ ಶಾಶ್ವತ ಹಾನಿ ಆಗಬಹುದು. 2024ರ ರೈತ ಮೆರವಣಿಗೆ ವೇಳೆ ದೆಹಲಿ ಪೊಲೀಸರು ಇದನ್ನ ಸಿದ್ಧ ಇಟ್ಟುಕೊಂಡಿದ್ದರು. ಟೇಸರ್ ಎರಡು ತಂತಿಯ ಮೂಲಕ ಕರೆಂಟ್ ಹರಿಸಿ ಒಬ್ಬ ವ್ಯಕ್ತಿಯ ಸ್ನಾಯುಗಳನ್ನ ಕೆಲ ಸೆಕೆಂಡು ಸ್ತಬ್ಧಗೊಳಿಸುತ್ತೆ. ಗುಂಪಿಗೆ ಬಳಸುವ ಸಾಧನ ಅದಲ್ಲ.

ಸುಪ್ರೀಂ ಕೋರ್ಟ್ ಏನು ಹೇಳಿದೆ?

ಎರಡು ತೀರ್ಪು ನೆನಪಿಟ್ಟುಕೊಂಡರೆ ಸಾಕು.

ಮೊದಲನೆಯದು 2012ರ ಫೆಬ್ರವರಿ 23ರ ರಾಮಲೀಲಾ ಮೈದಾನ ಪ್ರಕರಣ. 2011ರ ಜೂನ್ 4ರ ಮಧ್ಯರಾತ್ರಿ ದೆಹಲಿಯ ಮೈದಾನದಲ್ಲಿ ಶಾಮಿಯಾನದ ಕೆಳಗೆ ಮಲಗಿದ್ದ ಜನರನ್ನ ಪೊಲೀಸರು ಎಬ್ಬಿಸಿ ಚದುರಿಸಿದರು. ಅಶ್ರುವಾಯು, ಲಾಠಿ ಎರಡೂ ಬಳಕೆಯಾದವು. ಗಾಯಗೊಂಡ ಮಹಿಳೆಯೊಬ್ಬರು ತಿಂಗಳುಗಳ ನಂತರ ತೀರಿಕೊಂಡರು. ಪೊಲೀಸರು ಅಧಿಕಾರ ದುರ್ಬಳಕೆ ಮಾಡಿದ್ದಾರೆ ಅಂತ ಕೋರ್ಟ್ ಹೇಳಿತು, ಮೃತರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ಅದರ ಜೊತೆಗೇ, ಪರಿಹಾರದ ಶೇ 25ರಷ್ಟು ಹೊಣೆಯನ್ನ ಸಂಘಟಕರ ಮೇಲೂ ಹಾಕಿತು. ಸಭೆ ಕರೆಯುವವರು ಇದನ್ನ ಮರೆಯಬಾರದು.

ಎರಡನೆಯದು 2016ರ ಅನಿತಾ ಠಾಕೂರ್ ಪ್ರಕರಣ. 2007ರಲ್ಲಿ ಜಮ್ಮುವಿನ ಕಟ್ರಾ ಹತ್ತಿರ ನಡೆದ ಮೆರವಣಿಗೆಗೆ ಸಂಬಂಧಿಸಿದ್ದು. ಪ್ರತಿಭಟನಕಾರರೇ ಮೊದಲು ಹಿಂಸೆಗೆ ಇಳಿದರು ಅನ್ನೋದನ್ನ ಕೋರ್ಟ್ ಒಪ್ಪಿತು. ಆದರೆ ಪರಿಸ್ಥಿತಿ ಹತೋಟಿಗೆ ಬಂದ ಮೇಲೂ ಹೊಡೆಯುತ್ತಲೇ ಇದ್ದದ್ದು ಅತಿಯಾದ ಬಲಪ್ರಯೋಗ ಅಂತ ಹೇಳಿ ಪರಿಹಾರ ಕೊಡಿಸಿತು. ಅಂದರೆ, ‘ಅವರು ಕಲ್ಲು ಹೊಡೆದರು’ ಅನ್ನುವ ಸಮಜಾಯಿಷಿ ಒಂದು ಹಂತದವರೆಗೆ ಮಾತ್ರ ನಡೆಯುತ್ತೆ.

ಖಾಕಿ ಕಡೆಯ ಮಾತು

ಕಲ್ಲು ಬೀಳುವಾಗ ಎದುರು ನಿಂತಿರೋದು ಸಂಬಳಕ್ಕೆ ದುಡಿಯುವ ಮನುಷ್ಯ. 1980ರ ಜುಲೈ 21ರಂದು ನರಗುಂದದ ರೈತ ಬಂಡಾಯದಲ್ಲಿ ಸತ್ತವರಲ್ಲಿ ರೈತರೂ ಇದ್ದರು, ಪೊಲೀಸರೂ ಇದ್ದರು. ಸಂಖ್ಯೆ ಕಡಿಮೆ, ಕವಚ ಇಲ್ಲ, ಬೆಳಗಿನಿಂದ ಊಟ ಇಲ್ಲ ಅನ್ನುವ ಸ್ಥಿತಿಯಲ್ಲಿ ನಿಂತವರು ಬೇಗ ಹೆದರುತ್ತಾರೆ, ಹೆದರಿದವರು ಬೇಗ ಹೊಡೆಯುತ್ತಾರೆ. ಶೀಲ್ಡ್, ಹೆಲ್ಮೆಟ್, ಸಾಕಷ್ಟು ಸಿಬ್ಬಂದಿ, ತರಬೇತಿ ಇದ್ದರೆ ಗುಂಡಿನ ತನಕ ಹೋಗುವ ಸಂಭವ ಕಡಿಮೆ.

ಎಲ್ಲಕ್ಕಿಂತ ಮುಖ್ಯ ಮಾತುಕತೆ. ಗುಂಪಿನ ಮುಖಂಡರ ಫೋನ್ ನಂಬರ್ ಪಿಎಸ್‌ಐ ಹತ್ತಿರ ಇರೋದು, ಅಧಿಕಾರಿ ಬಂದು ಮನವಿ ತೆಗೆದುಕೊಳ್ಳೋದು, ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳುವಂತೆ ಎಚ್ಚರಿಕೆ ಕೊಡೋದು, ಹೋಗೋಕೆ ಸಮಯ ಮತ್ತು ದಾರಿ ಬಿಡೋದು. ಇದಕ್ಕೆ ಖರ್ಚಿಲ್ಲ.

ಪೆಟ್ಟು ಬಿದ್ದರೆ ಮುಂದೇನು?

- ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೇಗೆ ಗಾಯವಾಯಿತು ಅಂತ ವೈದ್ಯರಿಗೆ ಸರಿಯಾಗಿ ಹೇಳಿ, ಎಂಎಲ್‌ಸಿ ಮಾಡಿಸಿ. ಗಾಯದ ಪ್ರಮಾಣಪತ್ರವೇ ಮುಂದೆ ಆಧಾರ. ‘ಬಿದ್ದು ಪೆಟ್ಟಾಯ್ತು’ ಅಂತ ಬರೆಸಿದರೆ ಆಮೇಲೆ ತಿದ್ದೋದು ಕಷ್ಟ.
- ಗಾಯದ ಫೋಟೊ, ಘಟನೆಯ ವಿಡಿಯೊ, ದಿನ-ಸಮಯ-ಜಾಗ, ನೋಡಿದವರ ಹೆಸರು ಬರೆದಿಟ್ಟುಕೊಳ್ಳಿ. ಮೂಲ ವಿಡಿಯೊ ಅಳಿಸಬೇಡಿ.
- ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಪೊಲೀಸ್ ದೂರು ಪ್ರಾಧಿಕಾರಕ್ಕೂ ದೂರು ಕೊಡಬಹುದು.
- ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆ ನಡೆದ ಒಂದು ವರ್ಷದೊಳಗೆ ಹೋಗಬೇಕು.
- ಯಾರು ಆದೇಶ ಕೊಟ್ಟರು, ಎಷ್ಟು ಶೆಲ್ ಬಳಕೆಯಾದವು ಅನ್ನುವ ಮಾಹಿತಿಗೆ ಆರ್‌ಟಿಐ ಅರ್ಜಿ ಹಾಕಬಹುದು.
- ಪರಿಹಾರಕ್ಕೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿಯ ದಾರಿ ಇದೆ. ವಕೀಲರಿಗೆ ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನ ಕೇಳಬಹುದು.

ಗುಂಪು ಚದುರಿಸುವಾಗ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 151ನೇ ಸೆಕ್ಷನ್ ಪೊಲೀಸರಿಗೆ ರಕ್ಷಣೆ ಕೊಡುತ್ತೆ. ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಲು ರಾಜ್ಯ ಸರ್ಕಾರದ ಅನುಮತಿ ಬೇಕು. ಆದ್ದರಿಂದಲೇ ದಾಖಲೆ ಗಟ್ಟಿ ಇರಬೇಕು.

ಲಾಠಿಯಿಂದ ಹಿಡಿದು ಅಶ್ರುವಾಯುವಿನ ತನಕ ಈ ಎಲ್ಲ ಸಾಧನಗಳು ಇರೋದು ಗುಂಡು ಹಾರಿಸುವ ಪರಿಸ್ಥಿತಿ ಬರದಿರಲಿ ಅಂತ. ಎಚ್ಚರಿಕೆ ಕೊಟ್ಟು, ದಾರಿ ಬಿಟ್ಟು, ಅಳತೆ ಮೀರದೆ ಬಳಸಿದರೆ ಎರಡೂ ಕಡೆಯವರು ಸಂಜೆ ಮನೆಗೆ ಹೋಗುತ್ತಾರೆ. 2008ರಲ್ಲಿ ಗೊಬ್ಬರ ಕೇಳೋಕೆ ಹಾವೇರಿಗೆ ಬಂದ ಇಬ್ಬರು ಹಾಗೆ ಮನೆಗೆ ಹೋಗಲಿಲ್ಲ. ಈ ವರ್ಷದ ಮುಂಗಾರಿಗೂ ಗೊಬ್ಬರದ ಅಂಗಡಿ ಮುಂದೆ ಸಾಲು ಇರುತ್ತೆ, ಸಾಲಿನ ಪಕ್ಕ ಬಂದೋಬಸ್ತ್ ಇರುತ್ತೆ. ಎರಡೂ ಕಡೆಯವರಿಗೆ ಈ ನಿಯಮಗಳು ಮೊದಲೇ ಗೊತ್ತಿರಲಿ.